ಲೆಕ್ಕಕ್ಕೆ ಬಾರದ ತಿಂಗಳು

೨-೧೧-೨೦೨೩, ಗುರುವಾರ. ಬೆಳಗ್ಗೆ ೭
ಆಸ್ಪತ್ರೆಯ ಅಧೀಕ್ಷಕರಿಗೆ ಇಂದು ಬರೆದದ್ದು: "ನನ್ನ ಹಿಂದಿನ ಪತ್ರದಲ್ಲಿ, ತಮ್ಮನ ಮೂಳೆಯ ಸ್ಕ್ಯಾನ್ ಅಕ್ಟೋಬರ್ ಒಂಬತ್ತರಂದು ನಡೆಯಿತೆಂದು ನಮೂದಿಸಿದ್ದೆ. ನಡೆದದ್ದು ಹತ್ತರಂದು. ಕ್ಷಮಿಸಬೇಕು. ಉಳಿದ ಆರೋಪಗಳಲ್ಲಿ ಬದಲಾವಣೆಯಿಲ್ಲ."

ಬದಲಾವಣೆ ಏಕಿರಬೇಕು? ತಮ್ಮ ಶಾಮಣ್ಣನ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ. ಮೂರು ತಿಂಗಳಿಗೊಮ್ಮೆ, ಒಂದು ದಿನವೂ ತಪ್ಪದಂತೆ, ನಾನೇ ನಿಂತು ಚುಚ್ಚುಮದ್ದು ಹಾಕಿಸಿದ್ದೇನೆ. ಹಾಗಾದರೆ ತಪ್ಪು ಯಾರದು? ಚಿಕಿತ್ಸೆ ಕೊಡುವ ಡಾ. ಲಿಖಿತಾ ಅವರದು. ನಾಲ್ಕು ಮಾತಿಗೆ ಮೂರು ಇಂಗ್ಲಿಷ್ ಬೆರೆಸುವವರು... ಇನ್ನು ಆಕೆಯ ಬಳಿ ಹೋಗಕೂಡದೆಂದು ತಮ್ಮನಿಗೆ ಹೇಳಿದ್ದೇನೆ. ಅವನು ನನ್ನ ಮಾತು ಮೀರುವವನಲ್ಲ.

೪-೧೧, ಶನಿವಾರ
ಆಕೆಯೇ ಕರೆಸಿದ್ದರು. ಜಗಳಕ್ಕೆ ಸಿದ್ಧನಾಗಿಯೇ ಹೋದೆ. ಕಾಗದದ ಮೇಲೆ ಒಂದು ಜೀವಕೋಶದ ಚಿತ್ರ ಬರೆದರು.

"ಹಾರ್ಮೋನ್ ಬಂದು ಸೆಲ್ ಒಳಗಿನ ಪ್ರೋಟೀನ್‌ಗೆ ಅಂಟ್ಕೊಂಡ್ರೆ 'ಬೆಳಿ' ಅಂತ ಸಿಗ್ನಲ್ ಹೋಗುತ್ತೆ, ಸಾರ್. ಇಂಜೆಕ್ಷನ್ ಆ ಹಾರ್ಮೋನನ್ನ ನಿಲ್ಲಿಸುತ್ತೆ. ಆದ್ರೂ ಕೆಲವು ಸೆಲ್‌ಗಳು ಬೇರೆ ಪ್ರೋಟೀನ್ ಹಿಡ್ಕೊಳ್ತವೆ. ಅವು 'ಜಾಗ ಬಿಡು' ಅಂತವೆ. ಮೂಳೇಲಿರೋ ಪ್ರೋಟೀನ್‌ಗಳು 'ಬಾ' ಅಂತ ಕರೀತವೆ."

ಪಾಠ ಬೇಡ, ಉತ್ತರ ಕೊಡಿ ಎಂದೆ. ಆಕೆ ಕಡತ ತಿರುಗಿಸಿದರು.

"ಏಪ್ರಿಲ್ ಆದ್ಮೇಲೆ ಆಗಸ್ಟ್‌ಗೆ ಬಂದ್ರಿ. ಹನ್ನೆರಡು ವಾರ ಅಂದಿದ್ದೆ. ಯಾಕೆ ಸಾರ್ ಗ್ಯಾಪ್?"

ಗ್ಯಾಪ್ ಇಲ್ಲವೆಂದು ಗದರಿ ಎದ್ದು ಬಂದೆ.

ಮನೆಗೆ ಬಂದು ಪಂಚಾಂಗ ತೆಗೆದೆ. ವೈಶಾಖ ಶುದ್ಧ ಷಷ್ಠಿ, ಒಂದು ಚುಚ್ಚುಮದ್ದು. ಶ್ರಾವಣ ಶುದ್ಧ ಷಷ್ಠಿ, ಇನ್ನೊಂದು. ಮೂರೇ ತಿಂಗಳು. ನಡುವೆ ಅಧಿಕ ಶ್ರಾವಣ... ಅದನ್ನು ನಾನು ಎಣಿಸಿರಲಿಲ್ಲ. ಅಧಿಕಮಾಸವನ್ನು ನಮ್ಮ ಮನೆಯಲ್ಲಿ ಯಾವುದಕ್ಕೂ ಎಣಿಸುವುದಿಲ್ಲ.

ಆಸ್ಪತ್ರೆಯಿಂದ ಬರುತ್ತಿದ್ದ ನೆನಪೋಲೆಗಳನ್ನು ನಿಲ್ಲಿಸಿದವನೂ ನಾನೇ. ಇಂಗ್ಲಿಷಿನಲ್ಲಿವೆ ಎಂದು.

೧೧-೧೧, ಶನಿವಾರ
ಚುಚ್ಚುಮದ್ದು ತಡವಾದದ್ದು ನನ್ನ ಲೆಕ್ಕದಿಂದಲೇ ಎಂದು ಇಂದು ಮನೆಯಲ್ಲಿ ಹೇಳಿದೆ. ತಮ್ಮನ ಹೆಂಡತಿ ಕಾತ್ಯಾಯಿನಿ ಬನಶಂಕರಿ ಮಾರುಕಟ್ಟೆಯಿಂದ ಹಬ್ಬದ ಹೂವು ತಂದು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಜುಲೈನಲ್ಲೇ ಕೇಳ್ದೆ, ಭಾವ. ಅಧಿಕಮಾಸ ಲೆಕ್ಕಕ್ಕಿಲ್ಲ, ನಿನಗೇನು ಗೊತ್ತು ಅಂದ್ರಿ."

ಶಾಮಣ್ಣ ನನ್ನ ಪರ ನಿಂತ. ಅಣ್ಣ ಬೇಕೆಂದು ಮಾಡಿದನೇ, ಬಿಡೇ ಎಂದ.

"ನೀವು ಸುಮ್ನಿರಿ. ಆ ಗಡ್ಡೆ ಇವರ ಪಂಚಾಂಗ ನೋಡ್ಕೊಂಡು ಬೆಳೆಯುತ್ತಾ?"

ಸೊಸೆಯಾಗಿ ಬಂದು ನಲವತ್ತೊಂದು ವರ್ಷ. ಹೀಗೆ ಮಾತನಾಡಿದ್ದು ಇದೇ ಮೊದಲು. ಸಿಟ್ಟು ಬಂತು. ಈಗಲೂ ಇದೆ. ನಿಮ್ಮ ತಮ್ಮ ನಾಡಿದ್ದಲ್ಲ ಆಚೆ ನಾಡಿದ್ದು ಆ ಡಾಕ್ಟರ ಹತ್ತಿರವೇ ಹೋಗಬೇಕು, ಅಷ್ಟರೊಳಗೆ ನೀವು ಬರೆದದ್ದು ಸುಳ್ಳೆಂದು ಬರೆದು ಕೊಡಿ ಎಂದಳು.

ಡಾ. ಲಿಖಿತಾ ಅವರಿಗೆ ಫೋನ್ ಮಾಡಿದೆ. ತಡವಾದದ್ದರಿಂದಲೇ ಹರಡಿತೇ ಎಂದು ಕೇಳಿದೆ. "ಹೌದು ಅಂತಾನೂ ಹೇಳಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ, ಸಾರ್." ಆಕೆ ಬೈದಿದ್ದರೆ ಎದುರು ಬೈಯಬಹುದಿತ್ತು.

೧೩-೧೧, ಸೋಮವಾರ. ಸಂಜೆ ೫
ಅಧೀಕ್ಷಕರಿಗೆ ಕಳುಹಿಸಬೇಕಾದ ತಿದ್ದುಪಡಿ:

ಏಪ್ರಿಲ್ ೨೬ — ಹಾಕಿಸಿದೆ.
ಜುಲೈ ೧೯ — ಹಾಕಿಸಬೇಕಿತ್ತು. ಹಾಕಿಸಲಿಲ್ಲ. ಹೊಣೆ ನನ್ನದು.
ಆಗಸ್ಟ್ ೨೨ — ಮೂವತ್ತನಾಲ್ಕು ದಿನ ತಡ. ವೈದ್ಯರ ತಪ್ಪಿಲ್ಲ.
ನವೆಂಬರ್ ೧೪ — ನಾಳೆ. ಬಲಿಪಾಡ್ಯಮಿಯಾದರೂ ಸರಿ. ಡಾ. ಲಿಖಿತಾ ಅವರಲ್ಲಿಯೇ.
ಫೆಬ್ರವರಿ ೬ — ಶಾಮಣ್ಣ ಇದ್ದರೆ...