ನಮ್ಮ ಕೂಸಿನ ನಿದ್ದೆ ನಿಮ್ಮ ಠಾಣೆಯ ಅಂಗಳದಲ್ಲಿದೆ

ಮಾನ್ಯ ಠಾಣಾಧಿಕಾರಿಗಳೇ,

ರಾತ್ರಿ ಎರಡೂವರೆ. ನನ್ನನ್ನು ಎಬ್ಬಿಸಿದ ಸದ್ದು, ನನ್ನ ಹತ್ತು ತಿಂಗಳ ಮಗಳು ತೊಟ್ಟಿಲಲ್ಲಿ ಎದ್ದು ಕೂತು ಹೇಳಿದ ‘ಹ್ಞಾಂ’. ಅದನ್ನು ಅಳು ಎನ್ನಲಾಗದು. ಹಾಜರಿ ಕರೆಯುವ ಮೇಷ್ಟರ ದನಿ ಅದು. ಮನೆಯಲ್ಲಿ ಮಲಗಿದವರೆಲ್ಲ ಎದ್ದು ‘ಬಂದೆ ತಾಯಿ’ ಎನ್ನುವ ತನಕ ನಿಲ್ಲುವುದಿಲ್ಲ. ನಾನು ಎದ್ದೆ. ನನ್ನ ಗಂಡ ಸಿದ್ದರಾಮೇಶ ಎದ್ದರು. ನಮ್ಮ ಅತ್ತೆ ಮಲಗಿರಲೇ ಇಲ್ಲ. ಹೀಗೆ ಎಲ್ಲರೂ ಎದ್ದು ಒಬ್ಬರ ಮುಖ ಒಬ್ಬರು ನೋಡುತ್ತಿರುವ ಮನೆಯಿಂದ, ಊರೆಲ್ಲ ಓದಲಿ ಎಂದೇ ಪೇಟೆಯ ವಾಟ್ಸಾಪ್ ಗುಂಪಿನಲ್ಲಿ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ. ದೂರು ಇಷ್ಟೇ: ಕಳುವಾಗಿದ್ದ ನಮ್ಮ ಸೈಕಲ್ ಸಿಕ್ಕಿದೆ. ನಿಮ್ಮ ಠಾಣೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಗೋಡೆಗೆ ಒರಗಿ ನಿಂತಿದೆ. ಅದು ನಮ್ಮದೇ ಎಂದು ನನಗೆ ಗೊತ್ತು, ನಿಮ್ಮ ಕಾನ್‌ಸ್ಟೇಬಲ್‌ಗೆ ಗೊತ್ತು, ನನ್ನ ಮಗಳಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ತಾವೊಬ್ಬರೇ. ಕಳ್ಳನ ಕೈಯಿಂದ ಸೈಕಲ್ ಬಿಡಿಸುವುದು ಒಂದು ವಾರದ ಕೆಲಸವಾಯಿತು. ಪೊಲೀಸರ ಕೈಯಿಂದ ಬಿಡಿಸುವುದು ಎಷ್ಟು ದಿನದ ಕೆಲಸ, ಸ್ವಾಮಿ?

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಾವು ತೆಲುಗು ಸೀಮೆಯ ಒಳನಾಡಿನಿಂದ ನಮ್ಮ ಈ ಗಡಿ ಊರಿಗೆ ವರ್ಗವಾಗಿ ಬಂದವರು. ನಾನೂ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ತೆಲುಗನ್ನು ಚೆನ್ನಾಗಿಯೇ ಮಾತಾಡುತ್ತೇನೆ. ಆದರೆ ನಿದ್ದೆಗೆಟ್ಟ ಸಿಟ್ಟು ನನಗೆ ಕನ್ನಡದಲ್ಲೇ ಬರುತ್ತದೆ. ನಿಮ್ಮ ಕಾನ್‌ಸ್ಟೇಬಲ್ ಮಾಳಿಂಗಪ್ಪನವರು ಇದನ್ನು ಓದಿ ಹೇಳುತ್ತಾರೆ. ಅವರು ಬಲು ಒಳ್ಳೆಯವರು. ಕೊಂಕು ಮಾತನ್ನೆಲ್ಲ ನುಂಗಿ ನಮಸ್ಕಾರವನ್ನಷ್ಟೇ ತಮಗೆ ದಾಟಿಸುವ ಅಪಾಯವಿದೆ. ದಯವಿಟ್ಟು ಪೂರ್ತಿ ಓದಿಸಿಕೊಳ್ಳಿ.

ಅಷ್ಟು ಹಳೆಯ ಸೈಕಲ್ಲಿಗೆ ಇಷ್ಟು ರಂಪ ಏಕೆ ಎಂದು ತಾವು ಮೊನ್ನೆ ಕೇಳಿದಿರಿ. ನನ್ನ ಗಂಡ ಸೀರೆ ಅಂಗಡಿಯಲ್ಲಿ ಗುಮಾಸ್ತರು; ಕೆಲಸಕ್ಕೆ ನಡೆದುಕೊಂಡು ಹೋಗುತ್ತಿದ್ದಾರೆ, ಅದರಿಂದ ಅವರ ಹೊಟ್ಟೆಗೂ ಒಳ್ಳೆಯದಾಗಿದೆ. ಸೈಕಲ್ ಬೇಕಾಗಿರುವುದು ಅವರಿಗಲ್ಲ, ಕೂಸಿಗೆ. ಅವಳು ಹುಟ್ಟಿ ಎರಡು ತಿಂಗಳು ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಒಂದು ಸಂಜೆ ಇವರು ಹೊರಗಿನ ಕಟ್ಟೆಯ ಮೇಲೆ ಸೈಕಲ್ ನಿಲ್ಲಿಸಿ, ಚೈನಿಗೆ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಹಿಂದಿನ ಚಕ್ರದ ಫ್ರೀವೀಲು ಟಿಕ್ ಟಿಕ್ ಎನ್ನತೊಡಗಿತು. ಒಳಗೆ ತೊಟ್ಟಿಲಲ್ಲಿ ಒಂದೇ ಸಮ ಒದರುತ್ತಿದ್ದ ಕೂಸು ಸುಮ್ಮನಾಯಿತು. ಇವರು ನಿಲ್ಲಿಸಿದರು, ಕೂಸು ಶುರು ಮಾಡಿತು. ತಿರುಗಿಸಿದರು, ಮಲಗಿತು. ನಮ್ಮ ಅತ್ತೆ ಗುರುಲಿಂಗಮ್ಮನವರು ಸೈಕಲ್ಲಿಗೆ ಆ ಸಂಜೆಯೇ ವಿಭೂತಿ ಹಚ್ಚಿದರು. ಅಂದಿನಿಂದ ಸೈಕಲ್ಲಿನ ಜಾಗ ಕಿಟಕಿಯ ಕೆಳಗೆ. ಸರಳಿನ ನಡುವೆ ಕೈ ಚಾಚಿದರೆ ಪೆಡಲ್ ಸಿಗುತ್ತದೆ. ಒಳಗೇ ಏಕೆ ಇಟ್ಟುಕೊಳ್ಳಲಿಲ್ಲ ಎಂದು ತಾವು ಕೇಳುತ್ತೀರಿ. ಇಟ್ಟು ನೋಡಿದೆವು. ಒಳಗೆ ತಂದರೆ ಕೂಸು ಅದರ ಚಕ್ರ ಹಿಡಿಯಲು ಹೋಗಿ ನಗುತ್ತದೆ. ನಡುವೆ ಒಂದು ಗೋಡೆ ಇದ್ದರೇ ನಿದ್ದೆ. ಇನ್ನೊಂದು ವಿಷಯ: ನಮ್ಮ ಫ್ರೀವೀಲಿನ ಒಂದು ಹಲ್ಲು ಸವೆದಿದೆ. ಹಾಗಾಗಿ ಟಿಕ್ ಟಿಕ್ ಟಿಕ್ ಎಂದು ಹೋಗುತ್ತಾ ನಡುವೆ ಒಂದು ಕಡೆ ಎಡವಿ, ಮತ್ತೆ ಟಿಕ್ ಎನ್ನುತ್ತದೆ. ಆ ಎಡವಟ್ಟಿಲ್ಲದ ಸೈಕಲ್ಲನ್ನು ನನ್ನ ಮಗಳು ಸೈಕಲ್ ಎಂದೇ ಒಪ್ಪುವುದಿಲ್ಲ.

ಇನ್ನು ಕಳುವಿನ ರಾತ್ರಿಯ ವಿಷಯ. ದೂರು ಕೊಡಲು ಬಂದಾಗ ನಿಮ್ಮ ಠಾಣೆಯಲ್ಲಿ ನನ್ನನ್ನು ಪ್ರತ್ಯಕ್ಷದರ್ಶಿ ಎಂದು ಕೂರಿಸಿದರು. ನಾನು ಕಣ್ಣಿನಿಂದ ಏನೂ ನೋಡಿಲ್ಲ ಸ್ವಾಮಿ, ಕಿವಿಯಿಂದ ಎಲ್ಲ ಕೇಳಿದ್ದೇನೆ. ನಡುರಾತ್ರಿಯಲ್ಲಿ ಕಿಟಕಿಯ ಹೊರಗೆ ಟಿಕ್ ಟಿಕ್ ಶುರುವಾಯಿತು. ಕೂಸು ಮಗ್ಗಲು ಬದಲಿಸಿ ಒಂದು ನಿಟ್ಟುಸಿರು ಬಿಟ್ಟಿತು. ಆಹಾ, ನಾನು ತಿವಿಯದೆಯೇ ಇವರು ಎದ್ದಿದ್ದಾರಲ್ಲ, ಹೊರಗೆ ಹೋಗಿ ಕೂತು ತಿರುಗಿಸುತ್ತಿದ್ದಾರಲ್ಲ ಎಂದು ನನ್ನ ಹೃದಯ ತುಂಬಿಬಂತು. ಸದ್ದು ಮೆಲ್ಲಗೆ ದೂರವಾಯಿತು. ಕೂಸು ಮಲಗಿತೆಂದು ಇವರು ಬುದ್ಧಿವಂತಿಕೆಯಿಂದ ಸದ್ದು ಇಳಿಸುತ್ತಿದ್ದಾರೆ ಎಂದುಕೊಂಡೆ. ‘ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ’ ಎಂದು ಮನಸ್ಸಿನಲ್ಲೇ ಹರಸಿ ನಿದ್ದೆ ಹೋದೆ. ನಾನು ಹರಸಿದ್ದು ಕಳ್ಳನನ್ನು. ಮದುವೆಯಾದ ಮೇಲೆ ಅಷ್ಟು ಪ್ರೀತಿಯಿಂದ ನಾನು ಯಾರನ್ನೂ ಹರಸಿರಲಿಲ್ಲ. ಬೆಳಿಗ್ಗೆ ಇವರು ಕೇಳುವ ಮುಂಚೆಯೇ ಏಲಕ್ಕಿ ಹಾಕಿದ ಚಹಾ ಕೊಟ್ಟೆ. ಏನು ವಿಶೇಷ ಎಂದು ಇವರು ಕೇಳಲಿಲ್ಲ. ಕಾರಣ ವಿಚಾರಿಸಿ ಚಹಾ ಕುಡಿಯುವ ಗಂಡಸನ್ನು ನಾನಿನ್ನೂ ಕಂಡಿಲ್ಲ. ಕುಡಿದು ಲೋಟ ಇಟ್ಟು, ಹೊರಗೆ ಹೋಗಿ, ಮರಳಿ ಬಂದು ಬಾಗಿಲಲ್ಲಿ ನಿಂತು ಕೇಳಿದರು: “ಸೈಕಲ್ ಎಲ್ಲಿ ಇಟ್ಟೀ?”

“ಸದ್ದು ಕೇಳಿದರೂ ಯಾಕೆ ಕೂಗಲಿಲ್ಲ?” ಎಂದು ತಾವು ಗದರಿದಿರಿ. ರಾತ್ರಿ ತಾನಾಗಿ ಎದ್ದು ಕೂಸನ್ನು ಮಲಗಿಸುವ ಗಂಡನನ್ನು ನೋಡಿ ಕಳ್ಳ ಕಳ್ಳ ಎಂದು ಕೂಗುವ ಹೆಂಗಸು ತಮಗೆ ಗೊತ್ತಿದ್ದರೆ ತೋರಿಸಿ. ನಾನೂ ಅವಳನ್ನು ನೋಡಬೇಕು.

ಆಮೇಲೆ ನಾವು ಪಟ್ಟ ಪಾಡು ತಮ್ಮ ಕಡತದಲ್ಲಿಲ್ಲ. ಎದುರು ಮನೆಯ ಎಂಕಪ್ಪನವರ ಹೊಸ ಸೈಕಲ್ ತಂದು ತಿರುಗಿಸಿದೆವು. ನಿನ್ನೆಯ ಸಾರನ್ನು ಇವತ್ತಿನದು ಎಂದು ಬಡಿಸಿದವರನ್ನು ನೋಡುವಂತೆ ಕೂಸು ನಮ್ಮನ್ನು ನೋಡಿತು. ಫೋನಿನಲ್ಲಿ ಸೈಕಲ್ ಸದ್ದು ಹುಡುಕಿ ಹಚ್ಚಿದೆವು. ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ, ಸುಲಭ ಕಂತಿನಲ್ಲಿ ಸಾಲ ಬೇಕೇ ಎಂದು ಒಬ್ಬಳು ಕಿರುಚಿದಳು. ನಮ್ಮದೇ ಸೈಕಲ್ಲಿನ ಸದ್ದು ಕೂಸಿನ ಒಂದು ವಿಡಿಯೋದಲ್ಲಿ ಇದೆ, ನಿಜ. ಆದರೆ ಎರಡು ಸಲ ಟಿಕ್ ಎನ್ನುವಷ್ಟರಲ್ಲಿ ಅತ್ತೆ ಜೋರಾಗಿ ಸೀನುತ್ತಾರೆ. ಕೊನೆಗೆ ಇವರು ನಾಲಿಗೆಯಿಂದಲೇ ಟಿಕ್ ಟಿಕ್ ಎನ್ನುವುದನ್ನು ಕಲಿತರು. ಎಡವುವ ಜಾಗದಲ್ಲಿ ಎಡವುವುದನ್ನೂ ಕಲಿತರು. ಕೂಸು ಅರೆಗಳಿಗೆ ಮಲಗಿತು ಕೂಡ. ಆದರೆ ಈಗ ಅಂಗಡಿಯಲ್ಲಿ ಸೀರೆ ಬಿಚ್ಚುವಾಗಲೂ ಇವರ ಬಾಯಿ ಟಿಕ್ ಟಿಕ್ ಎನ್ನುತ್ತದಂತೆ. ಗದ್ವಾಲದಿಂದ ಮದುವೆ ಜವಳಿಗೆ ಬಂದಿದ್ದ ಹೆಣ್ಣಿನ ಕಡೆಯವರೊಬ್ಬರು ಇದನ್ನು ಕೇಳಿ, ಹಲ್ಲಿ ಲೊಚಗುಟ್ಟಿತೆಂದು ಶಕುನ ನೋಡಿಕೊಂಡು ಎದ್ದು ಹೋದರು. ಸಾಹುಕಾರರು ಇನ್ನೂ ಬೈದಿಲ್ಲ, ನೋಡುತ್ತಿದ್ದಾರೆ.

ಅತ್ತೆಯವರು ಮೊದಲ ದಿನ ಕಳ್ಳನ ಕೈಕಾಲು ಬಿದ್ದುಹೋಗಲಿ ಎಂದು ಬಸವಣ್ಣನ ಗುಡಿಯ ಮುಂದೆ ಮಣ್ಣು ತೂರಿ ಬಂದರು. ಮನೆಗೆ ಬಂದು ಸ್ವಲ್ಪ ಹೊತ್ತು ಕೂತು, ಮತ್ತೆ ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಎಂದರೆ, “ತಪ್ಪಾತವಾ. ಅವನ ಕಾಲು ಬಿದ್ದುಹೋದ್ರ ಸೈಕಲ್ ವಾಪಸ್ ಯಾರು ತುಳಕೊಂಡು ಬರ್ತಾರ? ತಂದು ಒಪ್ಪಿಸೋತನಕ ಕಾಲು ಗಟ್ಟಿ ಇಡಪ್ಪಾ ಅಂತ ಹೇಳಿ ಬರ್ತೀನಿ” ಎಂದು ಹೋದರು. ಅವರು ಒಂದು ದಿನದಲ್ಲಿ ತೀರ್ಪು ತಿದ್ದಿಕೊಂಡರು. ತಮ್ಮಿಂದ ಅಷ್ಟೂ ನಿರೀಕ್ಷಿಸಬಾರದೇ?

ಸೈಕಲ್ ಕಳುವಾಗದಂತೆ ಏನೇನು ಮಾಡಬೇಕೆಂದು ತಾವು ಪೇಟೆಯ ವಾಟ್ಸಾಪ್ ಗುಂಪಿನಲ್ಲಿ, ದಿನವೂ ಕಳಿಸುವ ಗುಲಾಬಿ ಹೂವಿನ ಶುಭೋದಯದ ಕೆಳಗೆ, ಸಲಹೆ ಹಾಕಿದ್ದೀರಿ. ಗಟ್ಟಿ ಬೀಗ ಹಾಕಿ, ಬೆಳಕಿರುವಲ್ಲಿ ನಿಲ್ಲಿಸಿ, ಕದಲದ ವಸ್ತುವಿಗೆ ಕಟ್ಟಿ. ತಮ್ಮ ಆಜ್ಞೆಯನ್ನು ನಮ್ಮ ಓಣಿ ಅಕ್ಷರಶಃ ಪಾಲಿಸಿದೆ. ಪಕ್ಕದ ಮನೆಯ ಸುಗುಣಮ್ಮನವರು ಮಗನ ಸೈಕಲ್ಲನ್ನು ಹುಣಸೆ ಮರಕ್ಕೆ ದಪ್ಪ ಸರಪಳಿಯಿಂದ ಬಿಗಿದು ಕೀಲಿ ಜೋಪಾನವಾಗಿಟ್ಟರು. ಎಷ್ಟು ಜೋಪಾನವೆಂದರೆ ಅದು ಈ ತನಕ ಸಿಕ್ಕಿಲ್ಲ. ಆ ಸೈಕಲ್ ಈಗ ಮರದ ಆಸ್ತಿ. ಎಂಕಪ್ಪನವರು ಕದಲದ ವಸ್ತು ಯಾವುದೆಂದು ಬಹಳ ಯೋಚಿಸಿ, ಸ್ವಂತ ದೇಹವನ್ನೇ ಆರಿಸಿಕೊಂಡರು. ಸೈಕಲ್ಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗಿದರು. ಮೊದಲ ರಾತ್ರಿಯೇ ಒಂದು ಆಡು ಆ ಹಗ್ಗಕ್ಕೆ ಬಾಯಿ ಹಾಕಿತು. ಎಂಕಪ್ಪನವರ ಕೂಗಿಗೆ ಓಣಿಯೆಲ್ಲ ಎದ್ದು ಆಡನ್ನು ಹಿಡಿಯಿತು. ಬೇರೆ ಕೆಲವರು ಎಲ್ಲಿ ಹೋದರೂ ಸೀಟನ್ನು ಬಿಚ್ಚಿ ಬಗಲಲ್ಲಿ ಇಟ್ಟುಕೊಂಡು ಹೋಗುತ್ತಿದ್ದಾರೆ. ಮೊನ್ನೆ ಒಂದು ನಾಮಕರಣದಲ್ಲಿ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಸೀಟುಗಳ ರಾಶಿ ಬಿದ್ದಿತ್ತು. ಊಟ ಮುಗಿಸಿ ಹೋಗುವಾಗ ಯಾರ ಸೀಟು ಯಾರು ಒಯ್ದರೋ, ಈಗ ಓಣಿಯಲ್ಲಿ ಒಬ್ಬರ ಕೂರುವಿಕೆಯೂ ಸರಿಯಿಲ್ಲ. ಕಳ್ಳರು ಇಷ್ಟು ತೊಂದರೆ ನಮಗೆ ಎಂದೂ ಕೊಟ್ಟಿರಲಿಲ್ಲ.

ಇಷ್ಟರಲ್ಲಿ ಗದ್ವಾಲದ ರಸ್ತೆಯಲ್ಲಿ ಒಂದು ಟೆಂಪೊ ತುಂಬ ಕದ್ದ ಸೈಕಲ್ ಸಿಕ್ಕವೆಂದೂ, ಬಂದು ಗುರುತು ಹಿಡಿಯಬೇಕೆಂದೂ ಮಾಳಿಂಗಪ್ಪನವರು ಫೋನ್ ಮಾಡಿದರು. ಓಡಿ ಬಂದೆವು. ಅಂಗಳದಲ್ಲಿ ನೋಡಿದರೆ ಎಲ್ಲವೂ ಒಂದೇ ಕಂಪನಿಯವು, ಎಲ್ಲವೂ ಕಪ್ಪು. ಬೆಲ್ಲು, ಸೀಟಿನ ಕವರು, ಹೆಸರು ಬರೆದ ಚೈನ್‌ಕವರು ಎಲ್ಲವನ್ನೂ ಕಳ್ಳ ಕಿತ್ತು ಹಾಕಿದ್ದ. ಎರಡು ಕೆಂಪು ಸೀರೆಗಳ ವ್ಯತ್ಯಾಸವನ್ನು ರಸ್ತೆಯ ಆಚೆಯಿಂದಲೇ ಹೇಳುವ ನನ್ನ ಗಂಡ, ಒಂದನ್ನು ಹಿಡಿದು ಇದೇ ಎಂದರು. ಮತ್ತೊಂದನ್ನು ಹಿಡಿದು ಇದೂ ಇರಬಹುದು ಎಂದರು. ಮೂರನೆಯದನ್ನು ಹಿಡಿಯುವ ಮುಂಚೆ ಅತ್ತೆ ಅವರನ್ನು ಪಕ್ಕಕ್ಕೆ ಸರಿಸಿ, “ನೀ ಸುಮ್ನಿರು. ಕೂಸಿನ್ನ ಕೇಳೋಣು” ಎಂದರು.

ಆ ಪರೀಕ್ಷೆಗೆ ತಮ್ಮ ಠಾಣೆಯೇ ಸಾಕ್ಷಿ. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ದೂರ ನಿಂತೆ. ಮಾಳಿಂಗಪ್ಪನವರು ಒಂದೊಂದೇ ಸೈಕಲ್ಲಿನ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಬಂದರು. ಮೊದಲನೆಯದಕ್ಕೆ ಕೂಸು ಆಕಳಿಸಲೂ ಇಲ್ಲ. ಮುಂದಿನದಕ್ಕೆ ಅತ್ತಿತು. ಇನ್ನೊಂದಕ್ಕೆ ಬೆಂಚಿನ ಮೇಲಿದ್ದ ಹೋಮ್‌ಗಾರ್ಡ್ ಮಲಗಿದರು, ಕೂಸು ಮಲಗಲಿಲ್ಲ. ಬೇವಿನ ಮರದ ಕೆಳಗಿನದನ್ನು ತಿರುಗಿಸಿದಾಗ ಟಿಕ್ ಟಿಕ್ ಟಿಕ್, ಎಡವಿತು, ಟಿಕ್. ಕೂಸಿನ ಹೆಬ್ಬೆರಳು ಬಾಯಿಗೆ ಹೋಯಿತು, ರೆಪ್ಪೆ ಇಳಿಯಿತು, ಇಡೀ ಭಾರ ನನ್ನ ಹೆಗಲ ಮೇಲೆ ಬಿತ್ತು. ಒಳಗೆ ಹೊಲದ ಬದುವಿಗಾಗಿ ಜಗಳಾಡುತ್ತಿದ್ದ ಅಣ್ಣತಮ್ಮಂದಿರು ಕೂಡ ದನಿ ತಗ್ಗಿಸಿ ಬೈದಾಡತೊಡಗಿದರು. ಮಾಳಿಂಗಪ್ಪನವರಿಗೆ ತಿರುಗಿಸುವುದನ್ನು ನಿಲ್ಲಿಸಲು ಧೈರ್ಯವಿಲ್ಲ. “ಅಕ್ಕಾರ, ಬಿಡ್ಲೇನ್ರಿ?” ಎಂದು ಪಿಸುಗುಟ್ಟಿದರು. “ಬ್ಯಾಡ್ರಿ, ಇನ್ನ ಸ್ವಲ್ಪ” ಎಂದೆ.

ಆಗ ತಮ್ಮ ಜೀಪು ಹಾರ್ನ್ ಹಾಕುತ್ತ ಒಳಗೆ ಬಂತು. ಮುಂದಿನದು ತಮಗೇ ಗೊತ್ತು. ಎಲ್ಲ ಕೇಳಿದ ಮೇಲೆ ತಾವು ಆಡಿದ ಮೊದಲ ಮಾತು: “ಬಿಲ್ಲು ಉಂದಾ ಅಮ್ಮಾ?” ಬಿಲ್ಲು ಇಲ್ಲ ಸ್ವಾಮಿ. ಅದು ಮಾಗನೂರಿನವರೊಬ್ಬರಿಂದ ಕೊಂಡ ಹಳೆಯ ಸೈಕಲ್. ಅವರು ದುಡಿಯಲು ಪುಣೆಯ ಕಡೆ ಹೋಗಿದ್ದಾರೆ, ಫೋನು ಹತ್ತುತ್ತಿಲ್ಲ. ನಾನು ಬಿ.ಎಸ್‌ಸಿ. ಓದಿದವಳು, ಪ್ರಯೋಗ ಮತ್ತೆ ಮಾಡಿದರೂ ಅದೇ ಫಲ ಬಂದರೆ ಅದು ಸತ್ಯ ಎಂದು ಕಲಿತಿದ್ದೇನೆ. ತಮ್ಮ ಕಣ್ಣೆದುರಿಗೇ ಮತ್ತೆ ತಿರುಗಿಸಿದೆವು. ಜೀಪಿನ ಹಾರ್ನಿಗೆ ಎಚ್ಚರಗೊಂಡು ಚೀರುತ್ತಿದ್ದ ಕೂಸು ಮತ್ತೆ ಮಲಗಿತು. ತಾವು ಕನ್ನಡಕ ಸರಿಮಾಡಿಕೊಂಡು, “ಪಾಪ ಎಕ್ಕಡೈನಾ ನಿದ್ರಪೋತುಂದಿ ಕದಮ್ಮಾ” ಎಂದಿರಿ. ಮಕ್ಕಳು ಎಲ್ಲಾದರೂ ಮಲಗುತ್ತವೆಯಂತೆ! ಒಂದು ಮಾತು ಕೇಳುತ್ತೇನೆ, ಬೇಸರ ಬೇಡ: ತಾವು ಮಕ್ಕಳನ್ನು ಸಾಕಿದ್ದೀರೋ, ಅಥವಾ ಅವು ಬೆಳೆದ ಮೇಲೆ ನೋಡಿದ್ದೀರೋ? ನಾಳೆ ಯಾರಾದರೂ ಒಂದು ಕೂಸನ್ನು ಎತ್ತಿಕೊಂಡು ಬಂದು ಸೈಕಲ್ ಕೇಳಿದರೆ ಏನು ಗತಿ ಎಂದೂ ಅಂದಿರಿ. ಬರಲಿ. ಬೇಕಾದ ಸೈಕಲ್ಲಿಗೆ ಬೇಕೆಂದಾಗ ಮಲಗುವ ಕೂಸು ಯಾರ ಬಳಿಯಾದರೂ ಇದ್ದರೆ ಅವರಿಗೆ ಸೈಕಲ್ ಕೊಡಿ, ಆ ಕೂಸನ್ನು ನನಗೆ ಕೊಡಿ.

ಗೇಟಿನ ತನಕ ಕಳಿಸಲು ಬಂದ ಮಾಳಿಂಗಪ್ಪನವರು, “ಸೈಕಲ್ ನಿಮ್ದ ಐತ್ರಿ ಅಕ್ಕಾರ, ಕೂಸು ಹೇಳೇ ಬಿಡ್ತು. ಆದ್ರ ಕೂಸಿನ ಸಹಿ ಬರಂಗಿಲ್ಲಲ್ರೀ” ಎಂದು ಕೈ ಮುಗಿದರು.

ಆಗಲಿ. ಕಾನೂನು ದೊಡ್ಡದು, ನಮ್ಮ ಕೂಸು ಸಣ್ಣದು. ಬಿಲ್ಲು ಸಿಗುವ ತನಕ, ಇಲ್ಲವೇ ಪುಣೆಯಿಂದ ಆ ಪುಣ್ಯಾತ್ಮ ಬಂದು ಸಾಕ್ಷಿ ಹೇಳುವ ತನಕ, ಸೈಕಲ್ ತಮ್ಮಲ್ಲೇ ಇರಲಿ. ಕಳ್ಳರಿಂದ ಅದಕ್ಕಿಂತ ಭದ್ರ ಜಾಗ ಊರಲ್ಲಿಲ್ಲ, ಮಾಲೀಕರಿಗೇ ಸಿಗುತ್ತಿಲ್ಲ. ನಾನು ಈಗ ಕೇಳುತ್ತಿರುವುದು ಸೈಕಲ್ಲನ್ನಲ್ಲ. ತಮ್ಮ ಠಾಣೆಯಲ್ಲಿ ರಾತ್ರಿಯಿಡೀ ಒಬ್ಬರು ಪಹರೆಗೆ ಎಚ್ಚರವಾಗಿರುತ್ತಾರೆ. ಅವರಿಗೂ ಹೊತ್ತು ಹೋಗುವುದಿಲ್ಲ, ನಮಗೂ ಹೋಗುವುದಿಲ್ಲ. ಅವರಿಂದ ನಮ್ಮ ಮನೆಗೆ ಒಂದು ಫೋನ್ ಮಾಡಿಸಿ. ನಂಬರು ದೂರಿನಲ್ಲಿದೆ. ಹಲೋ ಎನ್ನುವುದು ಬೇಡ, ಹೆಸರು ಹೇಳುವುದು ಬೇಡ, ಕೆಮ್ಮುವುದಂತೂ ಬೇಡವೇ ಬೇಡ. ಫೋನನ್ನು ಬೇವಿನ ಮರದ ಕೆಳಗಿನ ಸೈಕಲ್ಲಿನ ಹಿಂದಿನ ಚಕ್ರದ ಹತ್ತಿರ ಹಿಡಿದು, ಪೆಡಲನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರೆ ಸಾಕು. ನಮ್ಮ ಕಡೆಯಿಂದ ಯಾವ ಸದ್ದೂ ಬರದಿದ್ದರೆ ಲೈನು ಕಟ್ಟಾಗಿದೆ ಎಂದು ಇಟ್ಟುಬಿಡಬೇಡಿ, ದಮ್ಮಯ್ಯ. ನಾವು ನಾಲ್ವರೂ ಮಲಗಿದ್ದೇವೆ ಎಂದು ತಿಳಿದು, ಕೈ ಸೋಲುವ ತನಕ ತಿರುಗಿಸುತ್ತಿರಿ. ವಾಟ್ಸಾಪಿನಲ್ಲಿ ತಮ್ಮ ಹೆಸರಿನ ಕೆಳಗೆ ‘ಆನ್‌ಲೈನ್’ ಎಂದು ಕಾಣುತ್ತಿದೆ, ತಾವೂ ಎದ್ದಿದ್ದೀರಿ. ಗುಲಾಬಿ ಹೂವು ಕಳಿಸುವ ಮುಂಚೆ, ಬೆಳಕು ಹರಿಯುವ ಮುಂಚೆ, ಫೋನ್ ಮಾಡಿಸಿ ಸ್ವಾಮಿ.

ಇಂತಿ,
ಕಳ್ಳನನ್ನು ಹರಸಿದ, ತಮ್ಮನ್ನೂ ಹರಸಲು ಸಿದ್ಧಳಿರುವ,
ಶೈಲಜಾ ಸಿದ್ದರಾಮೇಶ
(ಫೋನ್ ಕೈಯಲ್ಲೇ ಇದೆ)