ಪೊಲನ್ನರುವದ ಗಚ್ಚು

ವಿಜಾಪುರ
೯ ಜೂನ್ ೧೯೭೪

ನಮ್ಮ ಮಗಳು ಪೀರಾಂಬಿಯ ಅಬ್ಬಾ ಅವರಿಗೆ ನಿಮ್ಮ ಹೆಂಡತಿ ಅಬೇದಾಳ ಸಲಾಮು.

ಸಾಲೆಯ ಶಿಕ್ಷಕಿಯರೊಡನೆ ಹೋದ ಸಿಂಹಳದ ಪ್ರವಾಸದಿಂದ ತಿರುಗಿ ಬಂದು ಐದು ದಿನವಾಯಿತು. ಇಷ್ಟು ದಿನ ಬರೆಯದಿರಲು ಕಾರಣ ದಣಿವಲ್ಲ. ಹದಿನೇಳರ ಸೋಮವಾರ ನೀವು ಟಿಕೋಟಾದಿಂದ ಬಂದು ಚಪರಾಸಿ ನೌಕರಿಗೆ ಹಾಜರಾಗುವವರಿದ್ದೀರಿ. ಅದರೊಳಗೆ ಈ ಪತ್ರ ನಿಮ್ಮ ಕೈ ಸೇರಬೇಕು.

ನೌಕರಿ ಹಿಡಿದರೆ ಮಾತ್ರ ಈ ಮನೆಗೆ ಬನ್ನಿ ಎಂದು ಮೂರು ವರ್ಷದ ಹಿಂದೆ ಹೇಳಿದವಳು ನಾನೇ. ಗೋಡೆ ಕಟ್ಟುವ ಗವಂಡಿ ಕೆಲಸದಲ್ಲಿ ಸುಣ್ಣಕ್ಕೆ ಬಿರಿದ ನಿಮ್ಮ ಕೈ ನನ್ನ ಸಾಲೆಯವರ ಕಣ್ಣಿಗೆ ಬೀಳಬಾರದಿತ್ತು. ಅಲ್ಲಿ ನನ್ನ ಗಂಡ ಗುತ್ತಿಗೆದಾರನೆಂದು ಹೇಳಿಕೊಂಡಿದ್ದೆ.

ಅಲ್ಲಿ ನಾವು ನೋಡಲು ಹೋದ ಪೊಲನ್ನರುವ ಎಂಟುನೂರು ವರ್ಷದ ಹಿಂದೆ ಬೌದ್ಧ ಅರಸರ ರಾಜಧಾನಿ. ತೊರವಿಯ ಮುರುಕು ಮಹಲುಗಳ ಆಸುಪಾಸು ಬೆಳೆದವಳಿಗೆ ಬಿದ್ದ ಅರಮನೆ ಹೊಸದಲ್ಲ. ಉಳಿದ ಶಿಕ್ಷಕಿಯರು ಬೆರಗಾಗುತ್ತಿದ್ದರು, ನಾನು ನೆರಳು ಹುಡುಕುತ್ತಿದ್ದೆ. ಒಂದು ಗುಡಿಯಲ್ಲಿ ಇಟ್ಟಿಗೆಯ ಎತ್ತರದ ಗೋಡೆಗಳ ನಡುವೆ ತಲೆಯಿಲ್ಲದ ಬುದ್ಧ ನಿಂತಿದ್ದಾನೆ. ಹೊರಗೋಡೆಗೆ ಬಳಿದ ಸುಣ್ಣದ ಗಚ್ಚಿನಲ್ಲಿ ಯಾರೋ ಪುಟ್ಟ ಪುಟ್ಟ ಗೋಪುರಗಳನ್ನು ತಿದ್ದಿದ್ದಾರೆ. ಅದರೆದುರು ನನ್ನ ಬೆರಳ ಗೆಣ್ಣು ತಾನಾಗಿಯೇ ಗೋಡೆ ತಟ್ಟಿತು, ಗಚ್ಚು ಟೊಳ್ಳಾಗಿದೆಯೇ ಎಂದು ಕೇಳಲು ನೀವು ಎಲ್ಲಿ ಹೋದರೂ ತಟ್ಟುವ ಹಾಗೆ. ಮದುವೆಯಾದ ವಾರದಲ್ಲೇ ನಮ್ಮ ಅಪ್ಪನ ಮನೆಯ ಗೋಡೆ ತಟ್ಟಿ ಟೊಳ್ಳು ಎಂದಿದ್ದಿರಿ. ಅವರು ಎರಡು ದಿನ ಮಾತಾಡಿರಲಿಲ್ಲ.

ಕಾವಲುಗಾರ ಓಡಿಬಂದು ಗದರಿದ. ಪವಿತ್ರ ಗೋಡೆಯನ್ನು ಹಾಗೆ ಬಡಿಯಬಾರದಂತೆ. ನಮ್ಮ ಹಿರಿಯ ಶಿಕ್ಷಕಿ ಸಾವಂತ್ರವ್ವ ಎಲ್ಲರೆದುರು ನಕ್ಕರು.

"ಏನ್ ಬೇ ಅಬೇದಾ, ಕಂಡ ಕಂಡ ಗ್ವಾಡಿ ಬಡ್ಯಾಕ ನೀ ಏನ್ ಗವಂಡಿ ಹೇಂತಿಯೇನ?"

"ಹೌದ್ರಿ ಬಾಯಾರ, ಗವಂಡಿ ಹೇಂತೀನ ಅದೇನಿ. ಇಲ್ಲಿ ಗಚ್ಚು ಗ್ವಾಡಿ ಬಿಟ್ಟೈತ್ರಿ."

ಅಲ್ಲೇ ದುರಸ್ತಿ ಮಾಡುತ್ತಿದ್ದ ಮುದುಕ ಗವಂಡಿಯೊಬ್ಬ ಇಳಿದು ಬಂದು ಅದೇ ಜಾಗ ತಟ್ಟಿ ನೋಡಿದ. ಇನ್ನೆಲ್ಲಿ ಎಂದು ಗೈಡನ ಮೂಲಕ ಕೇಳಿಸಿದ. ಮತ್ತೆರಡು ಕಡೆ ತೋರಿಸಿದೆ. ಅವನು ಇದ್ದಿಲಿನಿಂದ ಗುಂಡಗೆ ಗುರುತು ಹಾಕಿದ. ಆಮೇಲೆ ಅರೆದ ಸುಣ್ಣವನ್ನು ನನ್ನ ಅಂಗೈಗೆ ಹಾಕಿದ. ನಿಮ್ಮಂತೆ ಉಜ್ಜಿ ನೋಡಿ, ಮರಳು ಹೆಚ್ಚಾಗಿದೆ ಎಂದೆ. ಅದಕ್ಕೆ ಅವನು ಒಪ್ಪಿದಂತೆ ಕಾಣಲಿಲ್ಲ. ಯಾರು ಕಲಿಸಿದರು ಎಂದು ಕೇಳಿದ. ನನ್ನ ಗಂಡ, ಇಪ್ಪತ್ತಾರು ವರ್ಷದಿಂದ ಗುಮ್ಮಟಗಳ ಗಚ್ಚು ಮಾಡುತ್ತಾರೆ ಎಂದೆ. ಅವನು ಕೈ ಮುಗಿದ.

ಆ ನಮಸ್ಕಾರ ನಿಮ್ಮದು. ನಿಮ್ಮ ಪರವಾಗಿ ತೆಗೆದುಕೊಂಡೆ, ಸ್ವಲ್ಪ ನನ್ನ ಹತ್ತಿರವೂ ಉಳಿಸಿಕೊಂಡೆ. ಅಲ್ಲಿಂದ ತಲೆಯೆತ್ತಿ ಹೊರಟೆ; ಅಷ್ಟು ನೆಟ್ಟಗೆ ನಾನು ಯಾವ ಊರಲ್ಲೂ ನಡೆದಿರಲಿಲ್ಲ.

ಕ್ಷಮೆ ಕೇಳುವುದು ನನಗೆ ಇನ್ನೂ ಬಂದಿಲ್ಲ, ನಿಮಗೆ ಗೊತ್ತು. ಸೋಮವಾರ ಕಚೇರಿಗೆ ಹೋಗಬೇಡಿ. ಗಚ್ಚು ಬಳಿಯುವ ಥಾಪಿ ಹಿಡಿದುಕೊಂಡು ನೇರ ಮನೆಗೆ ಬನ್ನಿ. ಸಾಲೆಯವರು ಯಾರೇ ಬಂದರೂ ನೀವು ಗವಂಡಿ ಎಂದು ನಾನೇ ಹೇಳುತ್ತೇನೆ.

ಗವಂಡಿ ಸೈಫುದ್ದೀನರ ಹೆಂಡತಿ,
ಅಬೇದಾ

ತಾ.ಕ.: ಈ ನೌಕರಿಯ ಅರ್ಜಿಗೆ ನಿಮ್ಮ ಸಹಿಯನ್ನು ಕದ್ದು ಹಾಕಿದವನು ನಿಮ್ಮ ತಮ್ಮ ಅಬ್ದುಲಗನಿ ಎಂದು ತಿಳಿದು ನೀವು ಅವನೊಡನೆ ಮಾತು ಬಿಟ್ಟಿದ್ದೀರಿ. ಹಾಕಿದವಳು ನಾನು. ಬರುವಾಗ ಅರಕೇರಿಗೆ ಹೋಗಿ ಅವನನ್ನೂ ಕರೆದುಕೊಂಡು ಬನ್ನಿ. ಅವನಿಗೆ ಇದು ಮೊದಲಿನಿಂದಲೂ ಗೊತ್ತು. ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ.