ಅಪ್ಪನ ಪರವಾಗಿ ಹೇಳಿದ ಮಾತುಗಳು

ಬಿಶೋಫ್ತು
ಗಿನ್ಬೊತ್ ತಿಂಗಳು, ಒಂಬತ್ತನೇ ದಿನ

ನನ್ನ ಪ್ರೀತಿಯ ಅಮ್ಮ,

ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಶಿತಾಯೆ ಚಿಕ್ಕಮ್ಮ ನಿನ್ನ ಪಕ್ಕದಲ್ಲಿ ಕೂತಿರುತ್ತಾಳೆ. ಬೈರುತ್‌ನಲ್ಲಿ ನಿನ್ನ ಹಾಗೇ ಮನೆಗೆಲಸಕ್ಕಿರುವ ನಮ್ಮ ಕಡೆಯ ಹೆಂಗಸರೂ ನಿನ್ನ ಸುತ್ತ ಇರುತ್ತಾರೆ. ಎಲ್ಲರೂ ಅತ್ತು ಮುಗಿದ ಮೇಲೆ ಕೊಡು ಎಂದು ಅವಳಿಗೆ ಹೇಳಿದ್ದೇನೆ. ಆದ್ದರಿಂದ ಅಪ್ಪ ಹೋದರು ಎಂಬುದು ನಿನಗೆ ಗೊತ್ತಾಗಿರುತ್ತದೆ. ಯಾವಾಗ ಹೋದರು ಎಂಬುದನ್ನು ಮಾತ್ರ ನಾನೇ ಹೇಳುತ್ತೇನೆ ಎಂದು ಕೇಳಿಕೊಂಡಿದ್ದೇನೆ.

ತಿಮ್ಕೆತ್ ಹಬ್ಬ ಮುಗಿದ ಮೇಲಿನ ಗುರುವಾರ ಹೋದರು, ಅಮ್ಮ. ನಾಲ್ಕು ತಿಂಗಳಾಗುತ್ತ ಬಂತು.

ನೀನೀಗ ಬೆರಳು ಮಡಿಸಿ ಎಣಿಸುತ್ತಿರಬಹುದು. ಹೌದು, ಹದಿನಾರು ಭಾನುವಾರ. ಹದಿನಾರು ಸಲವೂ ನೀನು ಬಲ್ಚಾ ಮಾವನ ಸೈಕಲ್ ಅಂಗಡಿಗೆ ಫೋನ್ ಮಾಡಿ ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. ಹದಿನಾರು ಸಲವೂ ನಾನು ಚೆನ್ನಾಗಿದ್ದಾರೆ ಎಂದೆ. ವಿಮಾನದ ಎಂಜಿನ್ನಿನ ಸದ್ದು ಅವರ ಕಿವಿಯನ್ನು ಎಂದೋ ತಿಂದುಹಾಕಿತ್ತಲ್ಲ, ನೀನು ಹೇಳಿದ್ದನ್ನು ನಾನು ಅವರ ಕಿವಿಯಲ್ಲಿ ಕೂಗುವುದು, ಅವರು ಹೇಳಿದ್ದನ್ನು ನಿನಗೆ ಮುಟ್ಟಿಸುವುದು ಹತ್ತು ವರ್ಷದ ರೂಢಿ. ಹಾಗಾಗಿ ನಿನಗೆ ಅನುಮಾನ ಬರಲಿಲ್ಲ. ಎರಡು ಇಂಜೆರಾ ತಿಂದರು, ಸಾರಿಗೆ ಉಪ್ಪು ಜಾಸ್ತಿ ಎಂದು ಬೈದರು ಅಂದೆನಲ್ಲ, ಆ ಬೈಗುಳ ನಾನೇ ಕಟ್ಟಿದ್ದು. ನೀನು ನಕ್ಕೆ. ನಾನೂ ನಕ್ಕೆ.

ಫೋನಿನಲ್ಲೇ ಹೇಳಿಬಿಡಲು ಮೊದಲ ಭಾನುವಾರವೇ ಹೋಗಿದ್ದೆ. ಬಲ್ಚಾ ಮಾವ ಫೋನಿನ ಮೇಲೆ ಅಂಗೈ ಇಟ್ಟ.

"ಹುಚ್ಚು ಹಿಡಿದಿದೆಯೇನೇ ನಿನಗೆ? ಸಾವಿನ ಸುದ್ದೀನ ತಂತಿ ಮೇಲೆ ಕಳಿಸ್ತಾರಾ? ಆಕೆ ಯಾರದೋ ಅಡುಗೆಮನೇಲಿ ಒಬ್ಬಳೇ ನಿಂತಿರ್ತಾಳೆ. ಬಿದ್ರೆ ಹಿಡಿಯೋರ್ಯಾರು? ಅತ್ರೆ ಜೊತೆಗೆ ಅಳೋರ್ಯಾರು?"

ನಿನಗೂ ಗೊತ್ತಿರುವ ಮಾತೇ. ದೂರದಲ್ಲಿರುವವರಿಗೆ ಸಾವು ತಿಳಿಸಬೇಕಾದರೆ ನಮ್ಮವರು ಹತ್ತು ಜನ ಸೇರಿ, ಬೆಳಗಾಗುವಾಗ ಬಾಗಿಲಿಗೆ ಹೋಗಿ, ಕೈ ಹಿಡಿದುಕೊಂಡೇ ಹೇಳಬೇಕು. ಆ ಕಡೆ ಹೋಗುವವರು ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ಸಾವಿನ ಮನೆಗೆ ನೆರವಾಗುವ ಇದ್ದಿರ್ ಸಂಘದ ಹಿರಿಯರು ತೀರ್ಮಾನಿಸಿದರು. ಮುಚ್ಚಿಕೊಂಡಿದ್ದೆ. ಉಪವಾಸ ಮುಗಿದು ಫಾಸಿಕಾ ಹಬ್ಬಕ್ಕೆ ಕಳಿಸಿದ ಫೋಟೋದಲ್ಲಿ ನಾನು ಉಟ್ಟ ಬಿಳಿ ಬಟ್ಟೆ ಬಲ್ಚಾ ಮಾವನ ಮಗಳದ್ದು. ಅಪ್ಪನ ಸಾವಿಗೆಂದು ಕತ್ತರಿಸಿದ ಕೂದಲು ಕಾಣದಿರಲೆಂದು ತಲೆತುಂಬ ನೆತೆಲಾ ಶಾಲು ಹೊದ್ದಿದ್ದೆ. ಫೋಟೋ ತೆಗೆಸಿದ್ದೇ ಮನೆಗೆ ಬಂದು ಮತ್ತೆ ಕಪ್ಪು ಉಟ್ಟೆ.

ನೀನಿಲ್ಲದ ವರ್ಷಗಳ ಅಪ್ಪನನ್ನು ನಿನಗೆ ಹೇಳುವವರು ಬೇರೆ ಯಾರಿದ್ದಾರೆ? ನಾನೇ ಹೇಳಬೇಕು.

ನೀನು ಹೋದ ಮರುದಿನ ನನ್ನ ತಲೆ ಬಾಚಿದವರು ಅವರೇ. ಸಾಲು ಜಡೆ ಹೇಗೆ ಹೆಣೆಯುವುದೆಂದು ಶಿತಾಯೆ ಚಿಕ್ಕಮ್ಮನ ಎದುರು ಕೂತು ಕಲಿತರು. ಪ್ಯಾರಾಶೂಟಿನ ಪಟ್ಟಿ ಬಿಗಿದ ಹಾಗೆ ಬಿಗಿದರು. ಕಣ್ಣು ಮುಚ್ಚಲೂ ಆಗುತ್ತಿರಲಿಲ್ಲ ನನಗೆ. ನಲ್ಲಿಯ ಹತ್ತಿರ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಏನೇ ಲೆಮ್ಲೆಮ್, ನಿಮ್ಮಪ್ಪ ನಿನ್ನನ್ನ ಹಾರಿಸೋಕೆ ರೆಡಿ ಮಾಡಿದ್ದಾರಾ?"

ಮನೆಗೆ ಬಂದು ಅತ್ತೆ. ಮುಂದಿನ ವಾರ ಜಡೆ ಸ್ವಲ್ಪ ಸಡಿಲವಾಯಿತು. ಆರನೇ ತರಗತಿಗೆ ನಾನು ಶಾಲೆ ಬಿಟ್ಟಾಗ ಬೈಯಲಿಲ್ಲ. ಮೂರನೇ ದಿನ ಹಳೆಯ ಪತ್ರಿಕೆ ತಂದು, ಕಿವಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದು ಎಂದರು. ಅವತ್ತಿನಿಂದ ದಿನಾ ಓದಿಸಿದರು.

ಬಾಡಿಗೆಗೆ ಹೊಡೆಯುತ್ತಿದ್ದ ಕುದುರೆಗಾಡಿಯನ್ನು ಅವರು ಕೊನೆಯವರೆಗೂ ವಿಮಾನದ ಹಾಗೇ ನೋಡಿಕೊಂಡರು. ಹೊರಡುವ ಮುಂಚೆ ಎಡಗಡೆಯಿಂದ ಶುರುಮಾಡಿ ಒಂದು ಸುತ್ತು. ಗಾಲಿಗೆ ಒಂದು ಒದೆ, ಅಚ್ಚಿನ ಮೇಲೆ ಕೈ, ಪ್ರತಿ ಬಕ್ಕಲ್ ಎಳೆದು ನೋಡುವುದು, ಕುದುರೆಯ ಗೊರಸು ಎತ್ತಿ ನೋಡುವುದು. ಚರ್ಚಿಗೆ ತಡವಾದ ಮುದುಕಿಯರು ಮೇಲೆ ಕೂತು ಶಾಪ ಹಾಕುವರು. ಬಲ್ಚಾ ಮಾವ ಅಂಗಡಿಯಿಂದಲೇ ಕೂಗುವನು: "ಕ್ಯಾಪ್ಟನ್, ಹೊಟ್ಟೆಗೆ ಹುಲ್ಲು ಹಾಕಿದ್ರಾ? ಹಾದಿ ಮಧ್ಯ ಇಂಧನ ಮುಗಿದೀತು!"

ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ಆದರೂ ಕೈಯೆತ್ತಿ ಸಲಾಮು ಹೊಡೆಯುವರು. ಏನು ಹೇಳಿರುತ್ತಾನೆಂದು ಅವರಿಗೆ ಗೊತ್ತಿತ್ತು. ಯುದ್ಧದ ಕಾಲದಲ್ಲಿ ಅವರ ವಿಮಾನವನ್ನು ತಯಾರು ಮಾಡಿ ಕಳಿಸುತ್ತಿದ್ದವನು ಬಲ್ಚಾ ಮಾವನೇ ತಾನೆ.

ಯುದ್ಧದ ಬಗ್ಗೆ ನಾನು ಕೇಳಿದಾಗಲೆಲ್ಲ ಅವರು ಒಂದೇ ಕಥೆ ಹೇಳುತ್ತಿದ್ದರು. ಹಿಂದಿರುಗುವಾಗ ಬಂದೆ ಎನ್ನಲು ಮನೆಯ ಮೇಲೆ ವಿಮಾನದ ರೆಕ್ಕೆ ಓರೆ ಮಾಡುತ್ತಿದ್ದರಂತೆ, ನೀನು ಅಂಗಳದಲ್ಲಿ ಕಾಫಿಬೀಜ ಹುರಿಯಲು ಇಡುತ್ತಿದ್ದೆಯಂತೆ. ಜೀಪಿನಲ್ಲಿ ಮನೆ ಮುಟ್ಟುವಾಗ ಬೀದಿಗೆಲ್ಲ ಪರಿಮಳ. ಒಂದು ದಿನ ಇನ್ಯಾರೋ ಪೈಲಟ್ ಓರೆ ಮಾಡಿದಾಗ ನೀನು ಬೀಜ ಇಟ್ಟು, ಸಂಜೆಯವರೆಗೆ ಕಾದು, ಅವರು ಬಂದಾಗ ಜಗಳ ತೆಗೆದೆಯಂತೆ. ಇಲ್ಲಿ ಅವರು ತುಂಬ ನಗುತ್ತಿದ್ದರು. ಬಾಂಬು ಹಾಕಿದ್ದು, ಸರ್ಕಾರ ಬದಲಾದ ಮೇಲೆ ಒಂದು ವರ್ಷ ಸೆರೆಶಿಬಿರದ ಬೇಲಿಯೊಳಗೆ ಇದ್ದದ್ದು, ಪಿಂಚಣಿ ನಿಂತದ್ದು, ಇದಾವುದೂ ಅವರ ಕಥೆಯಲ್ಲಿರಲಿಲ್ಲ.

ಇನ್ನೊಂದು ವಿಷಯ. ನೀನು ಹೊರಟ ದಿನ ಅವರು ಬಸ್ಸಿನ ಹತ್ತಿರ ಬರಲಿಲ್ಲ, ಮುಖ ತಿರುಗಿಸಿ ಮಲಗಿದ್ದರು ಎಂದು ನೀನು ಇಂದಿಗೂ ನೊಂದುಕೊಳ್ಳುತ್ತೀಯ. ನಿನ್ನನ್ನು ಬಸ್ಸಿಗೆ ಒಯ್ದ ಗಾಡಿ ಮೂಲೆ ತಿರುಗಿದ್ದೇ ಅವರು ಎದ್ದರು. ಬರಿಗಾಲಲ್ಲಿ ಹೋರಾ ಕೆರೆಯ ದಿಬ್ಬ ಹತ್ತಿದರು. ನಾನು ಹಿಂದೆ ಓಡಿದೆ. ಅಲ್ಲಿಂದ ಅಡಿಸ್ ಅಬಾಬದ ರಸ್ತೆ ಕಾಣುತ್ತದೆ. ಬಸ್ಸು ಇರುವೆಯಷ್ಟಾಗಿ ಮರೆಯಾಗುವವರೆಗೆ ನಿಂತಿದ್ದರು. "ನಿಮ್ಮಮ್ಮನಿಗೆ ಹೇಳ್ಬೇಡ" ಅಂದರು. ಇಷ್ಟು ದಿನ ಹೇಳಿರಲಿಲ್ಲ.

ಅವರ ಸಾವು ದೊಡ್ಡದಾಗಿರಲಿಲ್ಲ, ಅಮ್ಮ. ಮೂರು ದಿನ ಎದೆನೋವು ಎಂದರು. ಗುರುವಾರ ಬೆಳಗ್ಗೆ ಗಾಡಿಯ ಎಡಗಾಲಿಗೆ ಒಂದು ಒದೆ ಕೊಟ್ಟು, ಹಾಗೇ ಅದಕ್ಕೆ ಒರಗಿ ಕೂತರು. ನಾನು ನೀರು ತರುವಷ್ಟರಲ್ಲಿ ಮುಗಿದಿತ್ತು. ಸಂಘದವರು ಡೇರೆ ಹಾಕಿದರು, ಬೆಂಚು ತಂದರು. ಪೆಟ್ಟಿಗೆ ಇಳಿಸುವಾಗ ಮೇಲೆ ಒಂದು ವಿಮಾನ ಹೋಯಿತು.

"ನೋಡ್ರೋ, ಮರೆತಿಲ್ಲ! ನಮ್ಮ ಕ್ಯಾಪ್ಟನ್ ಅಸ್ರತ್‌ನ ಮರೆತಿಲ್ಲ!" ಎಂದು ಬಲ್ಚಾ ಮಾವ ಟೋಪಿ ತೆಗೆದು ಅತ್ತುಬಿಟ್ಟ.

ಅದು ಕಲಿಯುವ ಹುಡುಗರ ವಿಮಾನ. ದಿನಾ ಅದೇ ಹೊತ್ತಿಗೆ ಹೋಗುತ್ತದೆ. ಬಲ್ಚಾ ಮಾವನಿಗೂ ಅದು ಗೊತ್ತು. ಎಲ್ಲರೂ ಮೇಲೆ ನೋಡಿದರು, ನಾನೂ ನೋಡಿದೆ.

ಮೂರು ವಾರದ ಹಿಂದೆ ನೀನು ಫೋನಿನಲ್ಲಿ ಅಂದೆಯಲ್ಲ, ಕಿವಿಯಲ್ಲಿ ಕೂಗಿ ಹೇಳು, ಮೆಸ್ಕೆರೆಮ್ ತಿಂಗಳಿಗೆ ಬಂದುಬಿಡ್ತೀನಿ, ಇನ್ನು ಹೋಗಲ್ಲ ಅಂತ. ಹೋಗಿ ಹೇಳಿದೆ. ಸಮಾಧಿಯ ಹತ್ತಿರ ಯಾರೂ ಇರಲಿಲ್ಲ, ಕೂಗಿಯೇ ಹೇಳಿದೆ. ಆಮೇಲೆ ನಿನಗೆ, ಬರಲಿ ಅಂದರು ಎಂದೆ. ಅದೊಂದನ್ನು ಸುಳ್ಳು ಎಂದು ತಿಳಿಯಬೇಡ.

ಕುದುರೆ ಚೆನ್ನಾಗಿದೆ. ನಾನೇ ಗಾಡಿ ಹೊಡೆಯುತ್ತಿದ್ದೇನೆ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ಮಗಳು,
ಲೆಮ್ಲೆಮ್

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮೆಣಸಿನಪುಡಿ ಮಾರಲು ಶಿತಾಯೆ ಚಿಕ್ಕಮ್ಮ ದೊಡ್ಡ ಉಪವಾಸದ ತಿಂಗಳಲ್ಲೇ ಬೈರುತ್‌ಗೆ ಬಂದು, ನಿನ್ನ ಜೊತೆ ಕೂತು ಹೋದಳಲ್ಲ, ಆಗಲೇ ಹಿರಿಯರು ಈ ಸುದ್ದಿಯನ್ನು ಅವಳಿಗೆ ಒಪ್ಪಿಸಿದ್ದರು. ನಾನೇ ಬಸ್ಸಿನವರೆಗೆ ಓಡಿಹೋಗಿ ಅವಳ ಕಾಲು ಹಿಡಿದುಕೊಂಡು, ಈ ಸಲ ಬೇಡ ಎಂದು ಅತ್ತೆ. ಅವಳನ್ನು ಬೈಯಬೇಡ. ನೀನು ಬೀಳುತ್ತೀಯ ಎಂಬ ಹೆದರಿಕೆಯಿಂದಲ್ಲ, ಅಮ್ಮ. ಅಪ್ಪನನ್ನು ಕೇಳಲು ನೀನು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದೆ. ಇನ್ನು ಯಾರನ್ನು ಕೇಳಲು ಮಾಡುತ್ತೀಯೋ, ಯಾರಿಗಾಗಿ ಬರುತ್ತೀಯೋ ನನಗೆ ಗೊತ್ತಾಗಲಿಲ್ಲ. ಬರುವ ಭಾನುವಾರವೂ ನಾನು ಅಂಗಡಿಯಲ್ಲಿ ಕೂತಿರುತ್ತೇನೆ.